ಗೇಟಿನ ಹುಬಾಲೆಕನಿಗೆ ಬೆತ್ತ ಬೇಕಾಯಿತು

ಮಗಳ ಮದುವೆಗೆ ಇನ್ನು ಎರಡೇ ವಾರ ಇರುವಾಗ ಅಲೋಯಿಸ್ ಹುಬಾಲೆಕ್ ಬೂಟುಗಾಲಲ್ಲೇ ಹೆಂಡತಿಯ ಕುರ್ಚಿಯ ಮೇಲೆ ಹತ್ತಿ ನಿಂತ. ಹತ್ತಬಾರದಿತ್ತು. ಹಿತ್ತಲಲ್ಲಿ ಏಣಿಯಿತ್ತು, ಅಡುಗೆಮನೆಯಲ್ಲಿ ಗಟ್ಟಿ ಸ್ಟೂಲಿತ್ತು. ಆದರೆ ಕಪಾಟಿನ ಮೇಲಿನ ಪಿಂಗಾಣಿ ತಟ್ಟೆಗಳನ್ನು ಆ ಗಳಿಗೆಯಲ್ಲೇ ಇಳಿಸಬೇಕೆಂದು ಹಟ ಹಿಡಿದ ಮನುಷ್ಯನಿಗೆ ಏಣಿ ಕಣ್ಣಿಗೆ ಬೀಳುತ್ತದೆಯೇ? ಪಟ್ ಅಂತ ಒಂದು ಸದ್ದು, ಅದರ ಹಿಂದೆಯೇ ಪಟಪಟ ಅಂತ ಇನ್ನಷ್ಟು, ಬಲಗಾಲು ಮೊಣಕಾಲಿನವರೆಗೆ ಕುರ್ಚಿಯೊಳಗೆ. ತಟ್ಟೆಗಳನ್ನು ಎದೆಗೆ ಅವುಚಿಕೊಂಡಿದ್ದ, ಅವಕ್ಕೇನೂ ಆಗಲಿಲ್ಲ. ಕುರ್ಚಿಯ ಬೆತ್ತದ ಹೆಣಿಗೆ ಮಾತ್ರ ಹರಿದು ಚಿಂದಿಯಾಯಿತು.

"ಯೇಸು ಮರಿಯಾ!" ಮಗಳು ಬ್ಲಾಂಕಾ ಓಡಿಬಂದಳು. ಅಪ್ಪನ ಕಾಲು ನೋಡಲಿಲ್ಲ, ಕುರ್ಚಿ ನೋಡಿದಳು. "ಅಪ್ಪಾ, ಏನ್ ಮಾಡ್ಬಿಟ್ಟೆ!"

"ಕಾಲು ಮುರೀಲಿಲ್ಲ. ನೀನು ಕೇಳ್ದೆಯಲ್ಲ, ಅದಕ್ಕೆ ಹೇಳ್ತಿದೀನಿ."

"ಕಾಲು ಹಾಳಾಗಿ ಹೋಗ್ಲಿ! ಇದು ಅಮ್ಮನ ಕುರ್ಚಿ!"

ಅವಳ ಸಿಟ್ಟಿಗೆ ಕಾರಣವಿತ್ತು. ಈ ಕಡೆಯ ಮದುವೆಗಳಲ್ಲಿ ಊಟ, ಕುಣಿತ ಎಲ್ಲ ಮುಗಿದ ಮೇಲೆ ಮದುಮಗಳನ್ನು ಕುರ್ಚಿಯ ಮೇಲೆ ಕೂರಿಸಿ, ಹೆಂಗಸರೆಲ್ಲ ಸುತ್ತ ನಿಂತು ಹಾಡುತ್ತ, ಅವಳ ತಲೆಯ ಹೂದಂಡೆ ಇಳಿಸಿ ಮುತ್ತೈದೆಯ ಕುಲಾವಿ ತೊಡಿಸುತ್ತಾರೆ. ಹುಡುಗಿ ಹೆಂಗಸಾಗುವುದು ಚರ್ಚಿನಲ್ಲಲ್ಲ, ಆ ಕುರ್ಚಿಯ ಮೇಲೆ. ಹುಬಾಲೆಕನ ಹೆಂಡತಿ ಒತಿಲಿಯಾ ತನ್ನ ಕುಲಾವಿ ಶಾಸ್ತ್ರಕ್ಕೆಂದು ತಾನೇ ಹೆಣೆದುಕೊಂಡ ಕುರ್ಚಿ ಅದು. ಒತಿಲಿಯಾ ಹೋದ ಚಳಿಗಾಲದ ಹಿಂದಿನ ಚಳಿಗಾಲದಲ್ಲಿ ತೀರಿಕೊಂಡಿದ್ದಳು.

"ನಾನು ಈ ಮದುವೇಲಿ ಏನಾದ್ರೂ ಕೇಳಿದ್ನಾ?" ಬ್ಲಾಂಕಾ ಹರಿದ ಬೆತ್ತದ ತುದಿಗಳನ್ನು ಕೂಡಿಸಲು ನೋಡಿದಳು. "ಅಮ್ಮ ಇಲ್ಲ, ಅಮ್ಮನ ಕುರ್ಚಿಯಾದ್ರೂ ಇರ್ಲಿ ಅಂದೆ. ಅದೊಂದೇ ಅಂದಿದ್ದು. ಈ ಕುರ್ಚಿ ಇಲ್ದಿದ್ರೆ ನಂಗೆ ಕುಲಾವೀನೂ ಬೇಡ, ಏನೂ ಬೇಡ."

"ಸರಿ ಮಾಡಿಸ್ತೀನಿ ಸುಮ್ನಿರು. ಕುರ್ಚಿ ಫ್ಯಾಕ್ಟರಿ ಇರೋ ಊರು ಇದು. ಇಲ್ಲಿ ಬೆತ್ತಕ್ಕೇನು ಬರಗಾಲವಾ?"

ಬರಗಾಲವೇ ಇತ್ತು. ಪೊಡ್ಲೆಸಿ ಊರಿನ ಅರ್ಧ ಜನ ಆ ಫ್ಯಾಕ್ಟರಿಯಲ್ಲಿ ಬೀಚ್ ಮರವನ್ನು ಆವಿಯಲ್ಲಿ ಬಗ್ಗಿಸಿ, ಬೆತ್ತ ಹೆಣೆದು, ಹೊಳಪು ಕೊಟ್ಟು ದಿನಾ ಲಾರಿಗಟ್ಟಲೆ ಕುರ್ಚಿ ಹೊರಗೆ ಕಳಿಸುತ್ತಿದ್ದರು. ಅವೆಲ್ಲ ಹೋಗುತ್ತಿದ್ದದ್ದು ಪಶ್ಚಿಮದ ದೇಶಗಳಿಗೆ. ಊರಿನ ಜನ ಕೂರಬೇಕೆಂದರೆ ಪ್ಲೈವುಡ್ ಹಲಗೆಯ ಕುರ್ಚಿ. ಬೆತ್ತ ಸಮುದ್ರ ದಾಟಿ, ಡಾಲರ್ ಕೊಟ್ಟು ತರಿಸಿಕೊಂಡದ್ದು, ಸರ್ಕಾರದ್ದು, ತೂಕ ಹಾಕಿ ಒಳಗೆ ಕೊಡುವುದು, ತೂಕ ಹಾಕಿ ವಾಪಸ್ ಪಡೆಯುವುದು. ಒಂದು ಎಳೆಯೂ ಹೊರಗೆ ಹೋಗಬಾರದು. ಹೋಗದಂತೆ ಕಾಲು ಶತಮಾನ ಗೇಟಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತವನು ಯಾರು? ಇದೇ ಅಲೋಯಿಸ್ ಹುಬಾಲೆಕ್. ನಿವೃತ್ತನಾಗಿ ಮೂರು ವರ್ಷವಾದರೂ ಊರಿನ ಹೆಂಗಸರು ಅವನನ್ನು ಕಂಡರೆ ಇವತ್ತಿಗೂ ಕೈಚೀಲವನ್ನು ಮೈಗೆ ಒತ್ತಿ ಹಿಡಿಯುತ್ತಿದ್ದರು. ಅದನ್ನು ಅವನು ಮರ್ಯಾದೆ ಅಂದುಕೊಂಡಿದ್ದ.

ಮೊದಲು ಮನೆಯಲ್ಲೇ ಹುಡುಕಿದ. ಒತಿಲಿಯಾ ಜೀವನವಿಡೀ ಹೆಣಿಗೆ ವಿಭಾಗದಲ್ಲಿ ದುಡಿದವಳು, ದಬ್ಬಣವಾದರೂ ಇರಲೇಬೇಕು, ತೂತಿಗೆ ಬಡಿಯುವ ಮರದ ಬೆಣೆಗಳಾದರೂ ಇರಬೇಕು. ಅವಳ ಮರದ ಡಬ್ಬಿ ತೆಗೆದರೆ ಒಳಗೆ ಗುಂಡಿ, ದಾರದುಂಡೆ, ಮುರಿದ ಕನ್ನಡಕ. ಅಟ್ಟ ಹತ್ತಿದರೆ ಅಟ್ಟ ಗುಡಿಸಿ ಒರೆಸಿಟ್ಟ ಹಾಗೆ ಖಾಲಿ.

"ಇಲ್ಲಿದ್ದ ಸಾಮಾನೆಲ್ಲ ಏನಾಯ್ತೇ?" ಅಂತ ಮೇಲಿಂದಲೇ ಕೂಗಿದ.

"ಅಮ್ಮನ ಮಣ್ಣಿನ ದಿನ ಫಾನಿನತ್ತೆ ಬಂದು ಕ್ಲೀನ್ ಮಾಡಿ ಹೋದ್ರಲ್ಲ," ಎಂದಳು ಬ್ಲಾಂಕಾ ಕೆಳಗಿಂದ. ಧ್ವನಿ ಯಾಕೋ ಸಣ್ಣಗಿತ್ತು.

ಫಾನಿನಾ ಪಕ್ಕದ ಮನೆಯವಳು, ಒತಿಲಿಯಾಳ ಜೊತೆ ಒಂದೇ ಬೆಂಚಿನಲ್ಲಿ ಕೂತು ಹೆಣೆದವಳು, ನಾಲಿಗೆ ಕತ್ತರಿಯಂಥದ್ದು. ಸತ್ತವರ ಮನೆಯಲ್ಲಿ ದಬ್ಬಣವನ್ನೂ ಬಿಡಲಿಲ್ಲವಲ್ಲ ಈ ಹೆಂಗಸು ಅಂತ ಹುಬಾಲೆಕ್ ಹಲ್ಲು ಕಡಿದ.

ಮರುದಿನ ಬಸ್ಸು ಹಿಡಿದು ಪಟ್ಟಣದ ಗೃಹೋಪಯೋಗಿ ಅಂಗಡಿಗೆ ಹೋದ. ಸರದಿಯಲ್ಲಿ ನಿಂತ. ಅಲ್ಲಿ ಏನು ಮಾರುತ್ತಿದ್ದಾರೆಂದು ಅವನ ಮುಂದೆ ಇದ್ದವರಲ್ಲಿ ಯಾರಿಗೂ ಗೊತ್ತಿರಲಿಲ್ಲ, ಸರದಿ ಇದೆಯಲ್ಲ ಅಂತ ನಿಂತಿದ್ದರು. ಕೌಂಟರಿಗೆ ಬರುವ ಹೊತ್ತಿಗೆ ಹುಬಾಲೆಕನ ಕಾಲು ಮರಗಟ್ಟಿತ್ತು.

"ಕುರ್ಚಿ ಹೆಣೆಯೋ ಬೆತ್ತ ಬೇಕು."

ಅಂಗಡಿಯ ಹೆಂಗಸು ಅವನನ್ನು ಚಂದ್ರಲೋಕದಿಂದ ಇಳಿದವನನ್ನು ನೋಡುವಂತೆ ನೋಡಿದಳು. "ಬೆತ್ತಾನಾ? ಎಲ್ಲಿಯವ್ರು ನೀವು?"

"ಪೊಡ್ಲೆಸಿ."

"ಬೆತ್ತದ ಊರಿಂದ ಬಂದು ಬೆತ್ತ ಕೇಳ್ತೀರಲ್ಲ ಸ್ವಾಮಿ! ನಾವೇ ನಿಮ್ಮೂರಿನವ್ರನ್ನ ಕಾಡಿ ಬೇಡಿ ತರಿಸ್ಕೋತೀವಿ." ಅಷ್ಟು ಹೇಳಿದವಳು ನಾಲಿಗೆ ಕಚ್ಚಿಕೊಂಡು ತಕ್ಷಣ ಬೇರೆ ರಾಗ ತೆಗೆದಳು. "ಪ್ಲಾಸ್ಟಿಕ್ ಕೊಳವೆ ಇದೆ, ಕೊಡ್ಲಾ? ಕೆಂಪು, ಹಳದಿ, ಹಸಿರು. ಮಕ್ಕಳು ಕೀಚೈನ್ ಹೆಣೀತಾರಲ್ಲ, ಅದೇ. ನೀವು ಸತ್ರೂ ಅದು ಸಾಯಲ್ಲ."

"ಇದು ಮದುಮಗಳು ಕೂರೋ ಕುರ್ಚಿ!"

"ಹಾಗಾದ್ರೆ ಹಳದಿ ತಗೊಳ್ಳಿ, ಲಕ್ಷಣವಾಗಿರತ್ತೆ."

ಅವನು ಬಾಗಿಲನ್ನು ಎಳೆದು ಬಡಿದುಕೊಂಡು ಹೊರಗೆ ಬಂದ. ಬಸ್ಸು ಆಗಷ್ಟೇ ಹೋಗಿತ್ತು.

ಇನ್ನು ಫ್ಯಾಕ್ಟರಿ. ಅಲ್ಲಿಗೆ ಹೋಗಲು ಹುಬಾಲೆಕನಿಗೆ ಮನಸ್ಸಿರಲಿಲ್ಲ, ಕೇಳಿ ಅಭ್ಯಾಸವಿರಲಿಲ್ಲ. ಆದರೂ ಒಳ್ಳೆಯ ಕೋಟು ಹಾಕಿಕೊಂಡು ಹೋದ. ಗೇಟಿನ ಗೂಡಿನಲ್ಲಿ ಈಗ ಲುಬೋಶ್ ಎಂಬುವನಿದ್ದ. ಅವನಿಗೆ ಕೆಲಸ ಕಲಿಸಿದವನು ಹುಬಾಲೆಕನೇ, ಚೀಲ ಹೇಗೆ ತೆರೆಸಬೇಕು, ಎಲ್ಲಿ ಕೈಯಾಡಿಸಬೇಕು, ಯಾರು ಮುಖ ತಿರುಗಿಸಿದರೆ ಅನುಮಾನ ಪಡಬೇಕು, ಎಲ್ಲ.

"ಹೊಸ ಬೆತ್ತ ಕೇಳ್ತಿಲ್ಲ ಲುಬೋಶ್. ಕತ್ತರಿಸಿ ಬಿಸಾಡ್ತಾರಲ್ಲ, ಆ ಚೂರುಗಳು. ಒಂದು ಕುರ್ಚಿಗೆ ಆಗೋವಷ್ಟು."

ಲುಬೋಶ್ ಕಿವಿ ಕೆರೆದುಕೊಂಡ. "ಹುಬಾಲೆಕ್ ಅವ್ರೇ, ನಿಮಗೆ ನಾನು ಹೇಳ್ಬೇಕಾ? ಚೂರು ಸುಡೋದು. ಇಬ್ರು ಸಾಕ್ಷಿ ನಿಂತು ಸುಡಿಸೋದು."

"ಯಾವ ಮುಟ್ಠಾಳ ಮಾಡಿದ್ದು ಆ ನಿಯಮ?"

ಲುಬೋಶ್ ಗೋಡೆ ಕಡೆ ಕೈ ತೋರಿಸಿದ. ಅಲ್ಲಿ ಹಳದಿ ತಿರುಗಿದ ಸೂಚನೆಯ ಹಾಳೆ, ಕೆಳಗೆ ಅಚ್ಚುಕಟ್ಟಾದ ಸಹಿ. ಹುಬಾಲೆಕನದೇ. ಚೂರುಗಳನ್ನು ಮನೆಗೆ ಒಯ್ಯಲು ಬಿಟ್ಟರೆ ಹೆಂಗಸರು ಬೇಕೆಂದೇ ಉದ್ದುದ್ದ ಚೂರು ಮಾಡುತ್ತಾರೆ ಅಂತ ಅವನೇ ಮೇಲಿನವರಿಗೆ ಬರೆದು ಜಾರಿಗೆ ತಂದದ್ದು. ಆ ವರ್ಷ ಅವನಿಗೆ ಅದಕ್ಕೊಂದು ಪ್ರಶಸ್ತಿಯೂ ಬಂದಿತ್ತು.

"ಅರ್ಜಿ ಕೊಡಿ, ಮೇಲಕ್ಕೆ ಕಳಿಸ್ತೀನಿ. ಆಲೂಗಡ್ಡೆ ಕೀಳೋ ಹೊತ್ತಿಗೆ ಉತ್ತರ ಬರ್ಬೋದು."

"ಮದುವೆ ಮುಂದಿನ ವಾರ ಕಣೋ!"

"ಮದುವೆಗೆ ಬರ್ತೀನಿ ಬಿಡಿ, ಕರೆದಿದೀರಲ್ಲ." ಲುಬೋಶ್ ನೆಲ ನೋಡುತ್ತ ಗೊಣಗಿದ. "ಹೋಗ್ತಾ ಗುಂಡಿ ಒಂದು ಒತ್ತಿಬಿಡಿ. ಎಲ್ರೂ ಒತ್ತಬೇಕು. ನೀವೇ ಹೇಳ್ಕೊಟ್ಟಿದ್ದು."

ಗೇಟಿನಲ್ಲಿ ಒಂದು ಗುಂಡಿಯಿತ್ತು. ಒತ್ತಿದಾಗ ಅದೃಷ್ಟಕ್ಕೆ ಹಸಿರು ದೀಪ ಬಂದರೆ ಮನೆಗೆ, ಕೆಂಪು ಬಂದರೆ ತಪಾಸಣೆ. ಹುಬಾಲೆಕ್ ಜೀವನದಲ್ಲಿ ಮೊದಲ ಸಲ ಅದನ್ನು ಒತ್ತಿದ. ಕೆಂಪು ಬಂತು. ಪಾಳಿ ಮುಗಿಸಿ ಬರುತ್ತಿದ್ದ ಹೆಂಗಸರ ಗುಂಪು ಹಿಂದೆ ನಿಂತು ಕುತ್ತಿಗೆ ಉದ್ದ ಮಾಡಿ ನೋಡುತ್ತಿರುವಾಗ ಲುಬೋಶ್ ಅವನ ಚೀಲದಿಂದ ಬೆಣ್ಣೆ ಹಚ್ಚಿದ ಬ್ರೆಡ್ಡು, ಒಂದು ಕರವಸ್ತ್ರ, ಮೂಗಿಗೆ ಹಾಕುವ ಔಷಧಿ ತೆಗೆದು ಮೇಜಿನ ಮೇಲೆ ಸಾಲಾಗಿಟ್ಟ. "ಚೆನ್ನಾಗಿ ಹುಡುಕೋ ಲುಬೋಶ್, ಬ್ರೆಡ್ಡಿನೊಳಗೂ ನೋಡು!" ಅಂತ ಗುಂಪಿನಿಂದ ಒಬ್ಬಳು ಕೂಗಿದಳು. ಹುಬಾಲೆಕನಿಗೆ ಕಿವಿಯ ತುದಿಯವರೆಗೂ ಬಿಸಿಯೇರಿತು. ಬಂದದ್ದೇ ತಪ್ಪು, ಈ ಜನರೇ ತಪ್ಪು, ಹುಟ್ಟಿದ ಊರೇ ತಪ್ಪು ಅನಿಸಿತು.

ಹಾಗಂತ ಬಿಡುವ ಜಾತಿಯಲ್ಲ ಅವನು. ಪಟ್ಟಣದಾಚೆ ಬುಟ್ಟಿ ಹೆಣೆಯುವ ಸಹಕಾರ ಸಂಘ ಒಂದಿದೆಯೆಂದು ಯಾರೋ ಹೇಳಿದರು. ಎರಡು ಬಸ್ಸು ಬದಲಿಸಿ ಅಲ್ಲಿಗೂ ಹೋದ. ಅಲ್ಲಿನ ಗೋದಾಮಿನವನಿಗೆ ಒಂದು ಬಾಟಲಿ ಮನೆಯ ಸ್ಲಿವೊವಿತ್ಸಾ ಕೊಟ್ಟ. ತನ್ನ ತೋಟದ ಪ್ಲಮ್ ಹಣ್ಣಿನ ಸಾರಾಯಿ, ಮದುವೆಗೆಂದೇ ಇಟ್ಟದ್ದು. ಪ್ರತಿಯಾಗಿ ಕಾಗದದಲ್ಲಿ ಸುತ್ತಿದ ದೊಡ್ಡ ಕಟ್ಟೊಂದು ಸಿಕ್ಕಿತು. ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಗೆದ್ದವನಂತೆ ಕಿಟಕಿಯಾಚೆ ನೋಡುತ್ತ ಬಂದ. ಊರಿನಲ್ಲಿ ಇಳಿದವನು ನೇರ ಫಾನಿನಾಳ ಅಂಗಳಕ್ಕೇ ಹೋದ, ತೋರಿಸಬೇಕಲ್ಲ.

ಫಾನಿನಾ ಕೋಳಿಗೆ ಕಾಳು ಹಾಕುತ್ತಿದ್ದಳು. ಕಟ್ಟು ಬಿಚ್ಚಿ ಒಂದು ಎಳೆ ಎಳೆದು ಬೆರಳಲ್ಲಿ ಹೊಸೆದು ನೋಡಿದಳು. ಆಮೇಲೆ ಅವಳಿಗೆ ಬಂದ ನಗುವಿಗೆ ಕೋಳಿಗಳು ಚೆಲ್ಲಾಪಿಲ್ಲಿಯಾದವು.

"ಗೇಟ್ ಸಾಹೇಬ್ರೇ, ಇದು ಬೆತ್ತದ ತಿರುಳು! ಬುಟ್ಟಿಗೆ ಹಾಕೋದು. ಕುರ್ಚಿಗೆ ಬೇಕಾಗಿರೋದು ಮೇಲಿನ ಸಿಪ್ಪೆ. ಚಪ್ಪಟೆಗೆ, ಒಂದು ಕಡೆ ಗಾಜಿನ ಹಾಗೆ ಹೊಳೀತಾ ಇರತ್ತೆ. ಅಷ್ಟು ವರ್ಷ ನಮ್ಮ ಚೀಲ ತಡಕಾಡಿದ್ರಲ್ಲ, ಏನನ್ನ ಹುಡುಕ್ಬೇಕು ಅಂತ ಗೊತ್ತಿಲ್ದೇನೇ ತಡಕಾಡಿದ್ರಾ?"

"ಇದ್ರಲ್ಲೇ ಹೆಣೆದ್ರೆ ಏನಾಗತ್ತೆ?"

"ಹೆಣೀಬೋದು. ಶಾಸ್ತ್ರದ ಮಧ್ಯೆ ನಿಮ್ಮ ಮಗಳು ನೆಲಕ್ಕೆ ಬೀಳ್ತಾಳೆ, ಹಾಡು ನಿಲ್ಲಿಸೋದಾ ಬೇಡ್ವಾ ಅಂತ ನಮಗೆ ಯೋಚನೆ ಆಗತ್ತೆ, ಅಷ್ಟೇ."

"ನಿಮ್ಮ ಹತ್ರ ಇದ್ರೆ ಕೊಡಿ. ದುಡ್ಡು ಕೊಡ್ತೀನಿ."

ಅವಳ ನಗು ನಿಂತಿತು. ತನ್ನ ಮನೆಯ ಬಾಗಿಲ ಕಡೆ ಒಮ್ಮೆ ನೋಡಿ, ಕಟ್ಟನ್ನು ಮತ್ತೆ ಸುತ್ತಿ ಅವನ ಕೈಗಿಟ್ಟಳು. "ನಮ್ಮ ಹತ್ರ ಎಲ್ಲಿಂದ ಬರ್ಬೇಕು? ಬಿಟ್ಟಿದ್ರಾ ನೀವು?"

ಆಮೇಲೆ ಅವನು ಮಾನ ಬಿಟ್ಟು ಮನೆಮನೆಗೆ ಹೋದ. ಹೋದಲ್ಲೆಲ್ಲ ಒಂದೇ ಕಥೆ. ಬನ್ನಿ ಹುಬಾಲೆಕ್ ಅವ್ರೇ, ಕೂತ್ಕೊಳ್ಳಿ, ಕಾಫಿ ಕುಡೀರಿ. ಕೂರಿಸುತ್ತಿದ್ದದ್ದು ಎಂಥ ಕುರ್ಚಿಯ ಮೇಲೆ? ಬೆತ್ತ ಹೆಣೆದ ಕುರ್ಚಿಯ ಮೇಲೆ! ಒಂದೊಂದೂ ಬಿಗಿಯಾಗಿ, ಜೇನಿನ ಬಣ್ಣಕ್ಕೆ ಹೊಳೆಯುತ್ತ. ಅದರ ಮೇಲೆ ಕೂರಿಸಿ, ಕಣ್ಣಲ್ಲಿ ಕಣ್ಣಿಟ್ಟು, ಬೆತ್ತಾನಾ, ಈ ಮನೇಲಿ ಬೆತ್ತದ ಎಳೆ ನೋಡಿದವರೇ ಇಲ್ಲ ಅನ್ನುತ್ತಿದ್ದರು.

"ಹಾಗಾದ್ರೆ ಇದೇನು?" ಅಂತ ಒಂದು ಮನೆಯಲ್ಲಿ ತಾನು ಕೂತ ಕುರ್ಚಿಯನ್ನೇ ತಟ್ಟಿ ಕೇಳಿದ.

"ಅದು ಯುದ್ಧಕ್ಕಿಂತ ಮುಂಚಿನದು. ಅಜ್ಜಿ ಕಾಲದ್ದು."

"ಹೊಳೀತಿದೆ!"

"ಅಜ್ಜಿ ದಿನಾ ಒರೆಸ್ತಿದ್ರು."

ಇನ್ನೊಂದು ಮನೆಯಲ್ಲಿ ಪ್ಲೈವುಡ್ ಹೊಡೆದು ಮೇಲೊಂದು ದಿಂಬು ಹಾಕಿ ಅಂದರು, ಮತ್ತೊಂದರಲ್ಲಿ ಕಸೂತಿ ಬಟ್ಟೆ ಹೊದಿಸಿದರೆ ಯಾರಿಗೆ ಕಾಣುತ್ತೆ ಅಂದರು. ಪಾದ್ರಿಯ ಮನೆಯ ಆರು ಕುರ್ಚಿಗಳೂ ಹೊಸ ಹೆಣಿಗೆಯವು, ಪಾದ್ರಿಗಳು ಮಾತ್ರ ಆಕಾಶ ನೋಡುತ್ತ, ದೇವರು ಒಂದು ದಾರಿ ತೋರಿಸ್ತಾನೆ ಅಲೋಯಿಸ್ ಎಂದು ಬಾಗಿಲವರೆಗೆ ಬಂದು ಬೀಳ್ಕೊಟ್ಟರು. ಇಡೀ ಊರೇ ಸೇರಿ ತನ್ನ ಕಣ್ಣಿಗೆ ಮಣ್ಣೆರಚುತ್ತಿದೆ ಅಂತ ಹುಬಾಲೆಕನಿಗೆ ಗೊತ್ತಾಯಿತು. ಗೇಟಿನ ಸೇಡು ತೀರಿಸಿಕೊಳ್ಳುತ್ತಿದ್ದಾರೆ. ತೀರಿಸಿಕೊಳ್ಳಲಿ, ತನ್ನ ಮೇಲೆ ತೀರಿಸಿಕೊಳ್ಳಲಿ. ತಾಯಿಯಿಲ್ಲದ ಹುಡುಗಿಯ ಮೇಲೆ ಯಾಕೆ? ರಾತ್ರಿ ನಿದ್ದೆ ಬರಲಿಲ್ಲ, ಹಗಲು ಊಟ ಸೇರಲಿಲ್ಲ. ಬ್ಲಾಂಕಾ ಕುರ್ಚಿಯ ಸುದ್ದಿಯನ್ನೇ ಎತ್ತುತ್ತಿರಲಿಲ್ಲ. ಎತ್ತಿದ್ದರೆ ವಾಸಿಯಿತ್ತು. ಒಂದು ಬೆಳಿಗ್ಗೆ ಅವಳು ಅಡುಗೆಮನೆಯ ಪ್ಲೈವುಡ್ ಕುರ್ಚಿಯೊಂದನ್ನು ಕಿಟಕಿ ಹತ್ತಿರ ಎಳೆದು, ಅದರ ಮೇಲೆ ಮದುಮಗಳಂತೆ ನೆಟ್ಟಗೆ ಕೂತು ನೋಡುತ್ತಿದ್ದಳು. ಇವನನ್ನು ಕಂಡು ಎದ್ದುಬಿಟ್ಟಳು. ಅದನ್ನು ನೋಡಿ ಅವನಿಗೆ ಎದೆಯಲ್ಲಿ ಮುಳ್ಳು ಮುರಿದಂತಾಯಿತು.

ಗುರುವಾರ ಕೊಲಾಚ್ ಬೇಯಿಸುವ ದಿನ. ಮದುವೆಗೆ ಮುಂಚೆ ಊರಿನ ಪ್ರತಿ ಮನೆಗೂ ಈ ಪುಟ್ಟ ಸಿಹಿ ಬನ್ನುಗಳನ್ನು ಹಂಚಬೇಕು, ಇಲ್ಲದಿದ್ದರೆ ಕರೆದ ಹಾಗಾಗುವುದಿಲ್ಲ. ಬೆಳಗಾಗುವುದರೊಳಗೆ ಫಾನಿನಾಳ ಮುಂದಾಳತ್ವದಲ್ಲಿ ಏಳೆಂಟು ಹೆಂಗಸರು ಹುಬಾಲೆಕನ ಅಡುಗೆಮನೆ ಹೊಕ್ಕಿದ್ದರು. ಹಿಟ್ಟು, ಪ್ಲಮ್ಮಿನ ರಸಾಯನ, ಗಸಗಸೆ, ಗಿಣ್ಣು, ಎಲ್ಲೆಂದರಲ್ಲಿ ತಟ್ಟೆಗಳು. ಹುಬಾಲೆಕ್ ತನ್ನ ಮನೆಯಲ್ಲೇ ನಿಲ್ಲಲು ಜಾಗವಿಲ್ಲದೆ ಬಾಗಿಲಲ್ಲಿ ನಿಂತಿದ್ದ. ಮೂಲೆಯಲ್ಲಿ ಒತಿಲಿಯಾಳ ಕುರ್ಚಿ, ನಡುವೆ ಬಾಯಿ ತೆರೆದುಕೊಂಡು.

"ಸ್ವಲ್ಪ ಸರಿದು ನಿಂತ್ಕೊಳ್ಳಿ ಸಾಹೇಬ್ರೇ," ಎಂದಳು ಒಬ್ಬಳು ತಟ್ಟೆ ಹೊತ್ತು. "ನಾವು ಹೊರಗೆ ಹೋಗ್ಬೇಕು. ಚೀಲ ತೋರಿಸ್ಬೇಕಾ?"

ಹೆಂಗಸರು ಕಿಸಕ್ಕೆಂದರು. ಎರಡು ವಾರದಿಂದ ಅದುಮಿಟ್ಟದ್ದೆಲ್ಲ ಆ ಕಿಸಕ್ಕಿಗೆ ಕಟ್ಟೆ ಒಡೆಯಿತು.

"ನಗಿ, ನಗಿ! ನಾಚಿಕೆ ಆಗಲ್ವಾ ನಿಮಗೆ? ನಿಮ್ಮೆಲ್ಲರ ಮನೆ ನೋಡಿ ಬಂದಿದೀನಿ. ನಾನೇನು ಕುರುಡನಾ? ಒಂದೊಂದು ಮನೇಲೂ ಹೊಸ ಬೆತ್ತ! ಪಾದ್ರಿಯ ಮನೇಲೂ! ಕಳ್ಳ ಮಾಲು! ಎಲ್ಲಿಂದ, ಹೇಗೆ ಸಾಗಿಸಿದ್ರೋ ಆ ದೇವರೇ ಬಲ್ಲ, ಆದ್ರೆ ಸಾಗಿಸಿದ್ರಿ. ಈ ಹುಡುಗೀಗೆ ಅಂತ ಒಂದು ಹಿಡಿ ಕೊಡೋಕೆ ಕೈ ಬರಲ್ಲ ನಿಮಗೆ. ಇಡೀ ಊರು ಕಳ್ಳರ ಸಂತೆ! ನಿಮ್ಮ ಮಧ್ಯೆ ಕೂತು ನನ್ನ ಒತಿಲಿಯಾ ಒಬ್ಬಳೇ ಒಂದು ಎಳೆ ಮುಟ್ಟದೆ ಬದುಕಿದ್ಲು. ಅವಳ ಕುರ್ಚಿ ನೋಡಿ, ಮದುವೆಯಾದಾಗಿನ ಹಳೇ ಹೆಣಿಗೆ, ಒಂದು ಹೊಸ ಎಳೆ ಹಾಕಿದವಳಲ್ಲ. ಅದೇ ಅವಳ ಸಾಕ್ಷಿ!"

ಹಿಟ್ಟು ನಾದುತ್ತಿದ್ದ ಕೈಗಳು ನಿಂತವು. ಒಬ್ಬಳು ಸೆರಗಿನಂತೆ ತನ್ನ ಏಪ್ರನ್ನಿನ ತುದಿಯನ್ನು ಬಾಯಿಗೆ ತುರುಕಿಕೊಂಡು ಗೋಡೆಗೆ ತಿರುಗಿದಳು, ಅವಳ ಹೆಗಲು ಅಲುಗುತ್ತಿತ್ತು. ಅಳುತ್ತಿದ್ದಳೋ ನಗುತ್ತಿದ್ದಳೋ ತಿಳಿಯಲಿಲ್ಲ.

"ಲೋಯ್ಜಾ," ಎಂದಳು ಫಾನಿನಾ. ಎಷ್ಟೋ ವರ್ಷದಿಂದ ಅವಳು ಅಲೋಯಿಸನನ್ನು ಆ ಸಲಿಗೆಯ ಹೆಸರಲ್ಲಿ ಕರೆದಿರಲಿಲ್ಲ. "ಕೂತ್ಕೋ."

"ಅತ್ತೆ, ಬೇಡ," ಎಂದಳು ಬ್ಲಾಂಕಾ.

"ಸಾಕು ಮಗಳೇ. ಮಾತು ಕೊಟ್ಟಿದ್ದೆ, ಉಳಿಸ್ಕೊಂಡೆ. ಈ ಮನುಷ್ಯ ನಮ್ಮನ್ನ ಕಳ್ಳರು ಅನ್ಲಿ, ಅಂದದ್ದು ಸುಳ್ಳೂ ಅಲ್ಲ. ಆದ್ರೆ ಅವಳೊಬ್ಬಳನ್ನ ಬೇರೆ ಇಡ್ತಾನಲ್ಲ, ಅದನ್ನ ಕೇಳ್ಕೊಂಡು ಇರೋಕಾಗಲ್ಲ ನಂಗೆ." ಫಾನಿನಾ ಕೈಯ ಹಿಟ್ಟು ಒರೆಸಿಕೊಂಡಳು. "ಲೋಯ್ಜಾ, ಊರಲ್ಲಿರೋ ಬೆತ್ತವೆಲ್ಲ ತಂದವಳು ನಿನ್ನ ಹೆಂಡ್ತಿ. ಎಲ್ಲ. ನನ್ನ ಮನೇದು, ಇವಳ ಮನೇದು, ಪಾದ್ರಿಗಳದ್ದೂ."

"ಸುಳ್ಳು. ಹಸಿರು ದೀಪ ಬಂದ್ರೂ ದಿನಾ ಅವಳ ಚೀಲ ನಾನೇ ನೋಡ್ತಿದ್ದೆ. ಎಲ್ರಿಗಿಂತ ಮೊದ್ಲು ಅವಳದೇ ನೋಡ್ತಿದ್ದೆ, ಹೆಂಡ್ತೀನ ಬಿಟ್ಟ ಅಂತ ಯಾರೂ ಅನ್ಬಾರ್ದು ಅಂತ!"

"ಚೀಲದಲ್ಲಿ ಏನೂ ಇರ್ತಿರ್ಲಿಲ್ಲ. ನಿನ್ನ ಊಟದ ಕ್ಯಾರಿಯರ್ ನೆನಪಿದೆಯಾ? ನಾಲ್ಕು ಡಬ್ಬಿದು, ನೀಲಿ ಬಣ್ಣದ್ದು. ಕ್ಯಾಂಟೀನಿಂದ ರಾತ್ರಿ ಊಟಕ್ಕೆ ಅಂತ ತುಂಬಿಸ್ಕೊಂಡು ಬಂದು ನಿನ್ನ ಗೂಡಲ್ಲಿ ಇಡ್ತಿದ್ಲಲ್ಲ. ಮೇಲಿನ ಡಬ್ಬೀಲಿ ಸಾರು, ಎರಡನೇದ್ರಲ್ಲಿ ಹಿಟ್ಟಿನ ಕಡುಬು. ಕೆಳಗಿನ ಎರಡ್ರಲ್ಲಿ ನೆನೆಸಿ ಸುರುಳಿ ಸುತ್ತಿದ ಬೆತ್ತ. ಗೇಟಿನವನಿಗೆ ಗುಂಡಿ ಒತ್ತು ಅನ್ನೋರು ಯಾರು? ಅವಳು ತರ್ಲಿಲ್ಲ ಲೋಯ್ಜಾ. ನೀನು ತಂದೆ. ಸೈಕಲ್ ಹ್ಯಾಂಡಲ್‌ಗೆ ತಗುಲಿಸ್ಕೊಂಡು, ದಿನಾ."

ಹುಬಾಲೆಕ್ ಯಾರ ಮುಖವನ್ನೂ ನೋಡಲಿಲ್ಲ. ತಿರುಗಿ ಹಿತ್ತಲಿಗೆ ಹೋಗಿ ಸೌದೆ ಒಟ್ಟಿಲ ಪಕ್ಕ ನಿಂತ.

ನೆನಪಿಲ್ಲದೆ ಏನು! ಸಾರು ಚೆಲ್ಲತ್ತೆ, ಓರೆ ಮಾಡ್ಬೇಡಿ, ನಿಧಾನ ಹೋಗಿ ಅಂತ ಅವಳು ದಿನಾ ಹೇಳುತ್ತಿದ್ದಳು. ಚರ್ಚಿನ ಮುಂದೆ ಕಲ್ಲು ಹಾಸಿದ ದಾರಿಯಲ್ಲಿ ಅವನು ಸೈಕಲ್ಲಿನಿಂದ ಇಳಿದು, ಕ್ಯಾರಿಯರನ್ನು ಮಗುವಿನಂತೆ ಕೈಯಲ್ಲಿ ಎತ್ತಿಕೊಂಡು ನಡೆಯುತ್ತಿದ್ದ. ಹೆಂಗಸರು ದಾರಿ ಬಿಟ್ಟು ಪಕ್ಕಕ್ಕೆ ಸರಿದು, ಶುಭ ಸಂಜೆ ಹುಬಾಲೆಕ್ ಅವ್ರೇ, ಜೋಪಾನ, ಅನ್ನುತ್ತಿದ್ದರು. ಎಲ್ಲರೂ! ಮಕ್ಕಳೂ! ಆ ಜೋಪಾನಕ್ಕೆ ಅವನು ಟೋಪಿ ಎತ್ತಿ ತಲೆ ಬಾಗಿಸುತ್ತಿದ್ದ. ಮನೆಗೆ ಬಂದರೆ ಒತಿಲಿಯಾ ಮೊದ್ಲು ಕೈಕಾಲು ತೊಳ್ಕೊಳ್ಳಿ ಎಂದು ಕ್ಯಾರಿಯರ್ ಕಸಿದುಕೊಂಡು ಒಳಗೆ ಹೋಗುತ್ತಿದ್ದಳು. ಈಗ ಅವನಿಗೆ ಭೂಮಿ ಬಾಯಿಬಿಡಬಾರದೇ ಅನಿಸಿತು. ಸತ್ತವಳ ಮೇಲೆ ಸಿಟ್ಟು ಮಾಡುವುದು ಹೇಗೆ? ಆದರೂ ಬಂತು, ಉಕ್ಕಿ ಬಂತು. ಕೈಗೆ ಸಿಕ್ಕ ಸೌದೆಯೊಂದನ್ನು ಬೇಲಿಗೆ ಎಸೆದ. ಅದು ಬೇಲಿಗೂ ತಾಗಲಿಲ್ಲ.

ಬ್ಲಾಂಕಾ ಬಂದು ಅಲ್ಲೇ ಸೌದೆಯ ಮೇಲೆ ಕೂತಳು. ಮೂಗಿನ ಮೇಲೆ ಹಿಟ್ಟಿತ್ತು.

"ನಿಂಗೂ ಗೊತ್ತಿತ್ತು," ಎಂದ.

"ಗೊತ್ತಿತ್ತು."

"ನನ್ನ ನೋಡಿ ನಗ್ತಿದ್ಲಾ ಅವಳು? ಊರಿನ ಜೊತೆ ಸೇರ್ಕೊಂಡು?"

"ಊರು ನಗ್ತಿತ್ತು. ಅಮ್ಮ ನಗ್ತಿರ್ಲಿಲ್ಲ." ಬ್ಲಾಂಕಾ ಸೌದೆಯ ತೊಗಟೆಯೊಂದನ್ನು ಕಿತ್ತಳು. "ಅಮ್ಮಂಗೆ ನಿನ್ನ ಕಂಡ್ರೆ ಭಯ ಅಪ್ಪಾ. ಆಸ್ಪತ್ರೇಲಿ ಕೊನೇ ದಿನ ಫಾನಿನತ್ತೇನ ಕರೆಸು, ಫಾನಿನತ್ತೇನ ಕರೆಸು ಅಂತಿದ್ಲಲ್ಲ, ಯಾಕೆ ಅಂದ್ಕೊಂಡೆ? ಅಟ್ಟದಲ್ಲಿ ಇನ್ನೂ ಬೆತ್ತ ಇತ್ತು. ತಾನು ಹೋದ್ಮೇಲೆ ನಿನ್ನ ಕೈಗೆ ಸಿಕ್ಕಿಬಿಟ್ರೆ ಅಂತ. ಅದನ್ನ ಸಾಗಿಸ್ತೀನಿ ಅಂತ ಅತ್ತೆ ಮಾತು ಕೊಟ್ಟ ಮೇಲೇನೇ ಅವಳು ಕಣ್ಣು ಮುಚ್ಚಿದ್ದು."

ಆ ದಿನ ಹುಬಾಲೆಕ್ ಆಸ್ಪತ್ರೆಯ ವರಾಂಡದಲ್ಲಿ ಕೂತಿದ್ದ. ಗಂಡ ಇಲ್ಲಿರುವಾಗ ಪಕ್ಕದ ಮನೆಯವಳನ್ನು ಕೇಳುತ್ತಾಳಲ್ಲ ಅಂತ ಮುನಿಸಿಕೊಂಡು ಕೂತಿದ್ದ. ಕೊನೆಯ ಗಳಿಗೆಯಲ್ಲಿ ಒಳಗೆ ಹೋಗುವುದನ್ನೂ ತಡಮಾಡಿದ್ದ.

"ಒಂದು ಮಾತು ಕೇಳ್ತೀನಿ," ಎಂದಳು ಬ್ಲಾಂಕಾ. "ಗೊತ್ತಾಗಿದ್ರೆ ನೀನು ಅಮ್ಮನ್ನ ಹಿಡಿದು ಕೊಡ್ತಿದ್ಯಾ?"

ಇಲ್ಲ ಅನ್ನಲು ಅವನು ಬಾಯಿ ತೆರೆದ. ಇಲ್ಲ ಅಂದರೆ ಮಗಳು ನಂಬುತ್ತಿದ್ದಳೋ ಏನೋ, ನಂಬಲು ಅವಳಿಗೆ ಇಷ್ಟವೂ ಇತ್ತು. ಆದರೆ ಯಾವ ತಪ್ಪು ಮಾಡಿದ್ದರೂ ಅವನಿಗೆ ಸುಳ್ಳು ಹೇಳಿ ಅಭ್ಯಾಸವಿರಲಿಲ್ಲ.

"ಕೊಡ್ತಿದ್ದೆ," ಎಂದ. "ಬರೆದು, ಸಹಿ ಹಾಕಿ ಕೊಡ್ತಿದ್ದೆ. ಊಟ ಬಿಡ್ತಿದ್ದೆ, ಅಳ್ತಿದ್ದೆ, ಆದ್ರೆ ಕೊಡ್ತಿದ್ದೆ."

"ಅಮ್ಮನೂ ಅದೇ ಹೇಳಿದ್ಲು," ಎಂದು ಬ್ಲಾಂಕಾ ಅವನ ತೋಳಿಗೆ ತಲೆ ಆನಿಸಿದಳು. ಅವನು ಅವಳ ಮೂಗಿನ ಹಿಟ್ಟು ಒರೆಸಿದ.

ಹಿತ್ತಲ ಬೇಲಿಯ ಹತ್ತಿರ ಸದ್ದಾಯಿತು. ಫಾನಿನಾ ತನ್ನ ಮನೆಗೆ ಹೋಗಿ ಬಂದಿದ್ದಳು. ಹಾಸಿಗೆಯ ಬಟ್ಟೆಯಲ್ಲಿ ಸುತ್ತಿದ ದೊಡ್ಡ ಗಂಟು ಅವಳ ಕಂಕುಳಲ್ಲಿತ್ತು, ಒಂದು ಕಡೆ ಹರಿದ ಸೀಳಿನಿಂದ ಚಪ್ಪಟೆ ಎಳೆಗಳು ಬಿಸಿಲಿಗೆ ಹೊಳೆಯುತ್ತಿದ್ದವು. ಇನ್ನೊಂದು ಕೈಯಲ್ಲಿ ಒತಿಲಿಯಾಳ ದಬ್ಬಣ, ಬೆಣೆಗಳ ಪೊಟ್ಟಣ. ಬೇಲಿಯ ಬಾಗಿಲಲ್ಲಿ ಅವಳು ನಿಂತುಬಿಟ್ಟಳು. ಒಳಗೆ ಕಾಲಿಡಲಿಲ್ಲ.

"ಇದು ಅಟ್ಟದ್ದು. ಕೊಡೋಕೆ ಮನಸ್ಸಿಲ್ದೆ ಇಟ್ಕೊಂಡಿದ್ದಲ್ಲ ಲೋಯ್ಜಾ. ಇದನ್ನ ತಂದ್ರೆ ಎಲ್ಲಿಂದ ಬಂತು ಅಂತ ನೀನು ಕೇಳೇ ಕೇಳ್ತಿದ್ದೆ. ಹೇಳಲ್ಲ ಅಂತ ನಾನು ಅವಳ ಕೈ ಹಿಡಿದು ಹೇಳಿದ್ದೆ." ಎಂದವಳು ಗಂಟನ್ನು ಸರಿಮಾಡಿಕೊಂಡಳು. "ಈಗ ಒಳಗೆ ಬರ್ಲಾ, ಇಲ್ಲಾ ಇಲ್ಲೇ ಬಿಚ್ಚಿ ತೋರಿಸ್ಲಾ?"

ಅಡುಗೆಮನೆಯ ಕಿಟಕಿಯಲ್ಲಿ ಹೆಂಗಸರ ತಲೆಗಳು ಒಂದರ ಮೇಲೊಂದು. ಯಾರೂ ನಗಲಿಲ್ಲ. ಹುಬಾಲೆಕ್ ನಡೆದು ಹೋಗಿ ಬೇಲಿಯ ಬಾಗಿಲು ತೆಗೆದ, ಅವಳ ಕಂಕುಳಿಂದ ಗಂಟನ್ನು ತೆಗೆದುಕೊಂಡು ಎರಡು ಕೈಯಲ್ಲಿ ಹಿಡಿದುಕೊಂಡ. ಸರ್ಕಾರದ ಮಾಲು ಅಂತ ಒಳಗಿನಿಂದ ಏನೋ ಕೂಗುತ್ತಲೇ ಇತ್ತು, ಕೂಗಲಿ ಅಂತ ಬಿಟ್ಟ.

"ನೆನೆ ಹಾಕೋಕೆ ನೀರು ಬಿಸಿ ಇರ್ಬೇಕಾ, ತಣ್ಣಗಿರ್ಬೇಕಾ?" ಎಂದು ಕೇಳಿದ.

"ಉಗುರುಬೆಚ್ಚಗೆ," ಎಂದಳು ಫಾನಿನಾ. "ಇದನ್ನ ಅವಳು ಬದುಕಿದ್ದಾಗ ಅವಳನ್ನ ಕೇಳ್ಬೇಕಿತ್ತು ನೀನು."

"ಕೇಳ್ಬೇಕಿತ್ತು," ಎಂದು ಹುಬಾಲೆಕ್ ಒಳಗೆ ಹೋಗಿ ಒಲೆಯ ಮೇಲೆ ನೀರಿಟ್ಟ.